ಮೀಮ್ ಹೊಲ

ನನ್ನ ಕಾದಂಬರಿ ‘ಆಬಾನ್’ ಹುಟ್ಟಿದ್ದು ಒಂದು ಅಕ್ಷರದಿಂದ. ಆ ಅಕ್ಷರವನ್ನು ನಾನು ಸರಿಯಾಗಿ ಓದಿದ್ದೆನೋ ಇಲ್ಲವೋ ಎಂಬುದು ಪುಸ್ತಕ ಎರಡನೆಯ ಮುದ್ರಣಕ್ಕೆ ಬಂದ ಮೇಲೂ ತೀರ್ಮಾನವಾಗಿಲ್ಲ. ಆದ್ದರಿಂದ ಕಾದಂಬರಿ ಹೇಗೆ ಬಂತು, ಓದುಗರು ಅದನ್ನು ಹೇಗೆ ಬರಮಾಡಿಕೊಂಡರು ಎಂದು ಕೇಳುವವರಿಗೆ ಆ ಅಕ್ಷರದ ಕಥೆಯನ್ನೇ ಹೇಳುವುದು ಸರಿಯೆನಿಸುತ್ತದೆ.

2013ರ ಶ್ರಾವಣದಲ್ಲಿ, ಚಿತ್ತಾಪುರ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಗಿರುವ ನಮ್ಮೂರಿನ ಮನೆ ಪಾಲಾಯಿತು. ಕಾಕಾಂದಿರು ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಅಂಗಳಕ್ಕೆ ಹಾಸಿದ್ದ ಪರಸಿ ಕಲ್ಲುಗಳನ್ನು ಕೂಡ ಎಣಿಸಿ ಹಂಚಿಕೊಂಡರು. ಕತ್ತಲಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಸಂದೂಕ ಮಾತ್ರ ಯಾರಿಗೂ ಬೇಡವಾಗಿತ್ತು. ಅದರಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಬಸ್ತಾಗಳೂ, ಉದ್ದನೆಯ, ಬೆನ್ನಿಗೆ ನೂಲು ಹೊಲಿದ ಏಳು ವಹಿಗಳೂ ಇದ್ದವು. ಎಲ್ಲವೂ ಉರ್ದು ಲಿಪಿಯಲ್ಲಿದ್ದವು. ನಮ್ಮ ಮುತ್ಯಾ ಊರಿನ ಕಂದಾಯದ ಲೆಕ್ಕ ಬರೆಯುವ ಪಟವಾರಿಯಾಗಿದ್ದವನು. 1974ರಲ್ಲಿ ಅವನು ತೀರಿಕೊಂಡಾಗ ನಾನು ನಾಲ್ಕು ವರ್ಷದವಳು. ಅವನ ಮಕ್ಕಳಿಗೆ ಆ ಲಿಪಿ ಅರ್ಧಂಬರ್ಧ ಬರುತ್ತಿತ್ತು, ಮೊಮ್ಮಕ್ಕಳಾದ ನಮಗೆ ಅದು ಗೋಡೆಯ ಮೇಲೆ ಇರುವೆ ಹರಿದಂತೆ ಕಾಣುತ್ತಿತ್ತು. ಸಂದೂಕವನ್ನು ನಾನು ಒಯ್ಯುತ್ತೇನೆ ಎಂದಾಗ ಸಣ್ಣ ಕಾಕಾ ನಕ್ಕು, “ಅದನ್ ಒಯ್ದು ಏನ್ ಮಾಡ್ತೀಯವ್ವಾ, ಒಲಿಗಿ ಹಾಕ್ಲಾಕೂ ಬರಂಗಿಲ್ಲ, ಬರೀ ಹೊಗಿ ಏಳ್ತದ” ಎಂದ. ಹೆಣ್ಣುಮಗಳ ಪಾಲಿಗೆ ಹೊಗೆ ಬಂದದ್ದು ಅವನಿಗೆ ನ್ಯಾಯವಾಗಿಯೇ ಕಂಡಿರಬೇಕು.

ನಾನು ಕಲಬುರಗಿಯ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಆವರೆಗೆ ಹತ್ತಾರು ಸಣ್ಣಕಥೆಗಳನ್ನು ಬರೆದಿದ್ದೆ, ಕಾದಂಬರಿಯ ಯೋಚನೆಯಿರಲಿಲ್ಲ. ವಹಿಗಳನ್ನು ಓದಿಸಿಕೊಳ್ಳಬೇಕೆಂದು ವಿಚಾರಿಸುತ್ತ ಹೋದಾಗ ಖಾಜಾ ಬಂದೇನವಾಜ್ ದರ್ಗಾದ ಹಿಂದಿನ ಓಣಿಯಲ್ಲಿದ್ದ ಒಬ್ಬ ನಿವೃತ್ತ ಉರ್ದು ಶಿಕ್ಷಕರು ಸಿಕ್ಕರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರು ನನ್ನನ್ನು ಬೇಟಿ ಎಂದೂ, ನಾನು ತಪ್ಪು ಪ್ರಶ್ನೆ ಕೇಳಿದಾಗ ಟೀಚರಮ್ಮಾ ಎಂದೂ ಕರೆಯುತ್ತಿದ್ದರು. ರವಿವಾರ ಮಧ್ಯಾಹ್ನ ಎರಡು ತಾಸು ನಮ್ಮ ಓದು. ಮುತ್ಯಾನ ಕೈಬರಹ ಶಿಕಸ್ತಾ ಎಂಬ ಬಗೆಯದು, ಅಂದರೆ ‘ಮುರಿದದ್ದು’. ನಿಜಾಮರ ಕಚೇರಿಗಳಲ್ಲಿ ಅವಸರದ ಬರಹಕ್ಕೆ ಅದೇ ರೂಢಿ. ಅಕ್ಷರಗಳ ಮೇಲಿನ ಚುಕ್ಕಿಗಳು ಅರ್ಧ ಇರುವುದೇ ಇಲ್ಲ, ಒಂದು ಶಬ್ದದ ಬಾಲ ಮುಂದಿನ ಶಬ್ದದ ತಲೆಗೆ ಗಂಟು ಬಿದ್ದಿರುತ್ತದೆ.

ಮೂರನೆಯ ರವಿವಾರ ಚಾಚಾ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತುಬಿಟ್ಟರು. “ಮಿಲಿ ಬನ್ತು,” ಎಂದು ಓದಿದರು. ಮತ್ತೆ ಕನ್ನಡಕ ಒರೆಸಿಕೊಂಡು, “ಮೀಮ್, ಲಾಮ್, ಯೇ. ಮಿಲಿ. ಮಿಲಿ ಅಂದ್ರ ಸಿಕ್ತು. ಏನ್ ಸಿಕ್ತು ಅಂತ ಬರೆದಿಲ್ಲ. ಬನ್ತು ಅನ್ನೋ ಶಬ್ದ ಉರ್ದೂನಾಗ ಇಲ್ಲ ಬೇಟಿ,” ಎಂದರು. ಅವರು ಅದನ್ನು ಎರಡು ಮೂರು ಸಲ ಗಟ್ಟಿಯಾಗಿ ಹೇಳಿದ ಮೇಲೆ ನನ್ನ ಕಿವಿಗೆ ಅದು ತಟ್ಟಿತು. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ; ಳಕಾರಕ್ಕೆ ಅಕ್ಷರವೇ ಇಲ್ಲ. ಮುತ್ಯಾ ಬರೆದದ್ದು ‘ಮಳಿ ಬಂತು’ ಎಂದು. ಲಿಪಿ ಸರಕಾರದ್ದು, ಮಾತು ಮನೆಯದು. ಆ ದಿನ ಚಾಚಾ ತಮ್ಮ ಸೊಸೆಯನ್ನು ಕರೆದು, “ಇವರ ಮುತ್ಯಾ ನೋಡು, ನಮ್ಮ ಅಕ್ಷರದಾಗ ಇವರ ಮಳಿ ಬರಸ್ಯಾನ” ಎಂದು ಹೇಳಿ ಮತ್ತೊಮ್ಮೆ ಚಹಾ ತರಿಸಿದರು.

ಹೊರಗಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಬಂದು ಆಡಳಿತದ ಭಾಷೆಯಾಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿಯೇ ಕಲಿಸಲಾಗುತ್ತಿತ್ತು. ಓದಿ ನೌಕರಿ ಹಿಡಿಯಬೇಕೆಂದ ಕಲಬುರಗಿ, ಬೀದರ್, ರಾಯಚೂರಿನ ಕನ್ನಡಿಗರೆಲ್ಲ ಆ ಲಿಪಿಯ ಬಾಗಿಲಿನಿಂದಲೇ ಹೋಗಬೇಕಿತ್ತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಕನ್ನಡ ಬಂದದ್ದು ಒಳ್ಳೆಯದೇ ಆಯಿತು. ಆದರೆ ಒಂದು ತಲೆಮಾರಿನ ಬರಹ ಮಾತ್ರ ಆ ಬಾಗಿಲ ಆಚೆಯೇ ಉಳಿದುಬಿಟ್ಟಿತು. ನಮ್ಮ ಮನೆಗಳಲ್ಲಿ ಇಂಥ ಸಂದೂಕಗಳು ಇನ್ನೂ ಎಷ್ಟಿವೆಯೋ!

ವಹಿಗಳಲ್ಲಿ ಎಲ್ಲವೂ ಇತ್ತು. ಮಳೆ, ದನದ ಬೇನೆ, ಯುದ್ಧಕಾಲದ ಲೇವಿಗೆ ಅಳೆದುಕೊಟ್ಟ ಜೋಳ, ಯಾರದೋ ಮದುವೆಗೆ ಕೈಗಡ ಕೊಟ್ಟ ಹಾಲಿ ರೂಪಾಯಿ. ಹಾಲಿ ಎಂದರೆ ನಿಜಾಮರ ಸಿಕ್ಕಾ. ಬ್ರಿಟಿಷ್ ಇಂಡಿಯಾದ ಕಲ್ದಾರ ರೂಪಾಯಿಗಿಂತ ಅದರ ಬೆಲೆ ಕಡಿಮೆ, ಸುಮಾರು ಏಳು ಹಾಲಿಗೆ ಆರು ಕಲ್ದಾರ. ತಾರೀಖುಗಳೆಲ್ಲ ಫಸಲಿಯವು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ, ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. ತಿಂಗಳುಗಳ ಹೆಸರು ಇರಾನಿನವು. ಅಕ್ಟೋಬರಿನಲ್ಲಿ ಆಜುರ್ ತಿಂಗಳಿನಿಂದ ವರ್ಷ ಶುರು, ಸೆಪ್ಟೆಂಬರಿನ ಆಬಾನ್ ತಿಂಗಳಿಗೆ ಮುಗಿತಾಯ. ಗಣಿತದವಳಿಗೆ ಈ ಕೂಡಿ ಕಳೆಯುವ ಕೆಲಸ ಎಷ್ಟು ಹಿತವಾಗಿತ್ತೆಂದರೆ, ಮೊದಲ ಆರು ತಿಂಗಳು ನಾನು ಏನನ್ನು ಓದುತ್ತಿದ್ದೇನೆ ಎನ್ನುವುದಕ್ಕಿಂತ ಯಾವ ದಿನವನ್ನು ಓದುತ್ತಿದ್ದೇನೆ ಎಂಬುದರಲ್ಲಿಯೇ ಮುಳುಗಿದ್ದೆ.

ಹಾಗಾಗಿಯೇ ಆ ಖಾಲಿ ಪುಟಗಳನ್ನು ನಾನು ತಕ್ಷಣ ಗುರುತಿಸಿದೆ. ನಾಲ್ಕನೆಯ ವಹಿಯಲ್ಲಿ 1357 ಫಸಲಿಯ ಆಬಾನ್ ತಿಂಗಳ ಮೊದಲ ವಾರದ ಒಂದು ನಮೂದು, ದನದ ಸಂತೆಯದ್ದು. ಅದಾದ ಮೇಲೆ ಹದಿನಾರು ಪುಟ ಖಾಲಿ. ಬರಹ ಮತ್ತೆ ಶುರುವಾಗುವುದು 1358ರ ಬಹಮನ್ ತಿಂಗಳಿನಲ್ಲಿ. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 1948ರ ಸೆಪ್ಟೆಂಬರ್ ಆರಂಭದಿಂದ ಡಿಸೆಂಬರ್‌ವರೆಗೆ ದಿನಕ್ಕೆರಡು ಸಾಲು ತಪ್ಪದೆ ಬರೆಯುತ್ತಿದ್ದ ಮನುಷ್ಯ ಏನನ್ನೂ ಬರೆದಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮರು ಶರಣಾದರು ಎಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಪ್ರತಿ ವರ್ಷ ಆ ದಿನ ನಾವು ಧ್ವಜ ಹಾರಿಸುತ್ತೇವೆ.

ಬಹಮನ್ ತಿಂಗಳ ಬರಹ ಶುರುವಾದ ನಂತರದ ಮೊದಲ ಸುಗ್ಗಿಯಲ್ಲಿ, ಹಿಂದೆಂದೂ ಇಲ್ಲದ ಒಂದು ನಮೂದು ಕಾಣಿಸಿಕೊಂಡಿತು. ಚಾಚಾ ಅದನ್ನು ಓದಿದ ರೀತಿಯನ್ನು ನಾನು ಮರೆಯಲಾರೆ. “ಮೀಮ್. ಆಮೇಲೆ ಹೇ, ವಾವ್, ಲಾಮ್. ಹೌಲ್. ಹೌಲ್ ಅಂದ್ರ ದಿಗಿಲು. ಮೀಮ್, ದಿಗಿಲು, ಮುಂದ ರಖಂ,” ಎಂದು ಹೇಳಿ ನನ್ನ ಮುಖ ನೋಡಿದರು. ಮುಂದಿನ ವರ್ಷದ ಸುಗ್ಗಿಯಲ್ಲಿಯೂ ಅದೇ. ಅದರ ಮುಂದಿನ ವರ್ಷವೂ. ಮಾಘದ ಚಳಿಯಲ್ಲಿ ಕೂತು ಒಬ್ಬ ಪಟವಾರಿ ವರ್ಷಕ್ಕೊಮ್ಮೆ ತನ್ನ ದಿಗಿಲಿನ ಲೆಕ್ಕ ಬರೆದಿಟ್ಟಿದ್ದಾನೆ ಎಂದು ಒಂದು ವಾರ ನಾನು ನಂಬಿಕೊಂಡೇ ಓಡಾಡಿದೆ. ಆಮೇಲೆ ‘ಮಳಿ’ ನೆನಪಾಯಿತು. ಅದು ಹೌಲ್ ಅಲ್ಲ, ಹೊಲ. ಮೀಮ್ ಹೊಲ. ಮ ಎಂದು ಶುರುವಾಗುವ ಯಾರದೋ, ಯಾವುದರದೋ ಹೊಲ, ಅದರಿಂದ ಬಂದ ತೊಗರಿ, ಅದರ ಹಣ. ಹೊಲವೆಂದು ತಿಳಿದ ಮೇಲೂ ನನ್ನೊಳಗೆ ಆ ದಿಗಿಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಕಾದಂಬರಿ ಶುರುವಾದದ್ದು ಅಲ್ಲಿ.

ಮುಂದಿನ ಅಂಕಿ ಎಷ್ಟೆಂದು ಚಾಚಾಗೆ ಓದಲು ಬರಲಿಲ್ಲ. ಹಳೆಯ ಕಂದಾಯ ಲೆಕ್ಕಗಳಲ್ಲಿ ಅಂಕಿಗಳನ್ನು ಅಂಕಿಯಾಗಿ ಬರೆಯದೆ, ಸಂಖ್ಯೆಗಳ ಅರಬ್ಬಿ ಹೆಸರನ್ನೇ ಮುದುಡಿ ಗೀಚಿದ ಗುರುತುಗಳಲ್ಲಿ ಬರೆಯುವ ಪದ್ಧತಿಯಿತ್ತು. ಅದಕ್ಕೆ ರಖಂ ಎನ್ನುತ್ತಾರೆ. ಅದನ್ನು ಬಲ್ಲವರು ಚಿತ್ತಾಪುರದಲ್ಲಿ ತಹಸೀಲ್ ಕಚೇರಿಯ ಹೊರಗೆ ಬೇವಿನ ಗಿಡದಡಿ ಕೂತು ಅರ್ಜಿ ಬರೆಯುವ ಒಬ್ಬ ಹಿರಿಯರು. ಪುಟಕ್ಕೆ ಐವತ್ತು ರೂಪಾಯಿ ಎಂದರು. ನಾನು ತೋರಿಸಿದ ಗುರುತುಗಳ ಪಕ್ಕದಲ್ಲಿ ಪೆನ್ಸಿಲ್‌ನಿಂದ ನಮ್ಮ ಅಂಕಿಗಳನ್ನು ಬರೆದುಕೊಟ್ಟರು. ಬೇರೆ ಒಂದು ಮಾತೂ ಆಡಲಿಲ್ಲ. ಇವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಆ ಹದಿನಾರು ಪುಟಗಳಲ್ಲಿ ಏನಿರಬೇಕಿತ್ತು ಎಂದು ತಿಳಿಯಲು ಎರಡು ವರ್ಷ ತಿರುಗಿದೆ. ವಾಡಿ, ತಾಂಡೂರು, ವಿಕಾರಾಬಾದ್ ಮಾರ್ಗವಾಗಿ ರೈಲಿನಲ್ಲಿ ಹೋಗಿ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕೂತೆ. ಊರೂರಿನ ಹಿರಿಯರ ಹತ್ತಿರ ಕೂತೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಕುರಿತು ಎಲ್ಲರೂ ಮಾತನಾಡಿದರು. ಸೊಲ್ಲಾಪುರದ ಕಡೆಗೆ ಗಡಿ ದಾಟಿ ಓಡಿಹೋದದ್ದು, ಹಗೇವಿನಲ್ಲಿ ಅಡಗಿ ಕೂತದ್ದು, ಇವೆಲ್ಲ ನಿನ್ನೆ ನಡೆದಂತೆ ಬಾಯಲ್ಲಿದ್ದವು. ಸೆಪ್ಟೆಂಬರಿನಿಂದ ಮುಂದಿನದನ್ನು ಕೇಳಿದರೆ ಮಾತ್ರ, “ಮುಂದೇನದ, ಸ್ವಾತಂತ್ರ್ಯ ಬಂತು” ಎಂದು ಮಾತು ಮುಗಿಸುತ್ತಿದ್ದರು. ಪ್ರಧಾನಿ ನೆಹರೂ ಕಳಿಸಿದ್ದ ಪಂಡಿತ ಸುಂದರಲಾಲ್ ಸಮಿತಿ ಅದೇ ವರ್ಷದ ಕೊನೆಯಲ್ಲಿ ಇಲ್ಲೆಲ್ಲ ಸುತ್ತಿ ಬರೆದ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಸೇನಾ ಕಾರ್ಯಾಚರಣೆಯ ವೇಳೆ ಮತ್ತು ಅದರ ಬೆನ್ನಿಗೆ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರ ಇರಬಹುದೆಂದು ಅದು ಅಂದಾಜು ಮಾಡಿದೆ. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದವು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್; ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಈ ಪುಟಗಳನ್ನು ಓದಿದ ರವಿವಾರ ನಾನು ಚಾಚಾ ಮನೆಗೆ ಹೋಗಲಿಲ್ಲ. ಅದರ ಮುಂದಿನ ವಾರ ಹೋದಾಗ ಅವರಾಗಿಯೇ, “ನಮ್ಮ ಮನಿಯಾಗ ಅದಕ್ಕ ಪೊಲೀಸ್ ಆ್ಯಕ್ಷನ್ ಅಂತಾರ. ಅಷ್ಟೇ ಅಂತಾರ. ಮುಂದ ಯಾರೂ ಹೇಳಂಗಿಲ್ಲ,” ಎಂದರು.

ಒಂದೇ ತಿಂಗಳಿಗೆ ಒಂದು ಓಣಿಯಲ್ಲಿ ಸ್ವಾತಂತ್ರ್ಯವೆಂದೂ ಇನ್ನೊಂದು ಓಣಿಯಲ್ಲಿ ಪೊಲೀಸ್ ಆ್ಯಕ್ಷನ್ ಎಂದೂ ಹೆಸರಿದ್ದು, ಎರಡೂ ಕಡೆ ಆ ಹೆಸರಿನ ನಂತರ ಮಾತು ನಿಂತುಹೋಗುತ್ತದೆ. ಕಾದಂಬರಿಗೆ ಆ ಎರಡರಲ್ಲಿ ಯಾವ ಹೆಸರನ್ನೂ ಇಡಲು ನನಗೆ ಮನಸ್ಸಾಗಲಿಲ್ಲ. ಮುತ್ಯಾ ಕೊನೆಗೆ ಬರೆದಿದ್ದ ತಿಂಗಳ ಹೆಸರನ್ನೇ ಇಟ್ಟೆ. ಈಗ ಯಾರೂ ಬಳಸದ ಪಂಚಾಂಗದ ಆ ಶಬ್ದದ ಮೇಲೆ ಯಾರ ಹಕ್ಕೂ ಇಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. (ಪುಸ್ತಕ ಬಂದ ಮೇಲೆ ಮೈಸೂರಿನ ಓದುಗರೊಬ್ಬರು, ಆಬಾನ್ ಎಂಬ ಹುಡುಗಿ ಕೊನೆಯ ಪುಟದವರೆಗೂ ಬರಲೇ ಇಲ್ಲವಲ್ಲ ಎಂದು ಪತ್ರ ಬರೆದರು.)

ಕಥೆ ಇಷ್ಟು. ಒಂದು ಊರು, ಅದರ ಪಟವಾರಿ, ಆ ಊರಿನ ಉರ್ದು ಶಾಲೆಯ ಮಾಸ್ತರ. ಪಟವಾರಿಗೆ ಲಿಪಿ ಕಲಿಸಿದವನು ಮಾಸ್ತರನೇ. ರಜಾಕಾರರ ಹಾವಳಿಯ ತಿಂಗಳುಗಳಲ್ಲಿ ಮಾಸ್ತರ ಪಟವಾರಿಯ ಮನೆಯ ಕಟ್ಟೆಯ ಮೇಲೆ ಕೂತು ಬಂದವರನ್ನು ಮಾತಿನಲ್ಲಿ ಹಿಂದಕ್ಕೆ ಕಳಿಸುತ್ತಾನೆ. ಆಬಾನ್ ಬಂದಾಗ ಪಟವಾರಿ ಮಾಸ್ತರನ ಮನೆಯ ಕಟ್ಟೆಗೆ ಹೋಗುವುದಿಲ್ಲ. ಕದ ಹಾಕಿಕೊಂಡು ಒಳಗೆ ಕೂರುತ್ತಾನೆ. ಮಾಸ್ತರ ರಾತ್ರೋರಾತ್ರಿ ಊರು ಬಿಡುತ್ತಾನೆ. ಪಟವಾರಿ ಸಾಯುವವರೆಗೂ ಅವನ ಹೊಲ ಉಳುತ್ತ, ಪ್ರತಿ ಸುಗ್ಗಿಯ ಹಣವನ್ನು ಹೈದರಾಬಾದಿನ ಒಂದು ವಿಳಾಸಕ್ಕೆ ಮನಿಯಾರ್ಡರ್ ಮಾಡುತ್ತಾನೆ. ಹಣ ಒಮ್ಮೆಯೂ ವಾಪಸು ಬರುವುದಿಲ್ಲ, ಪತ್ರವೂ ಬರುವುದಿಲ್ಲ. ‘ಮೀಮ್’ ಅಂದರೆ ಮಾಸ್ತರ ಎಂದು ನಾನು ಓದಿದೆ.

ಮೊದಲ ಕರಡು ನಾನೂರು ಪುಟವಾಯಿತು, ಅದರಲ್ಲಿ ಅರ್ಧ ತಾರ್ನಾಕಾದಿಂದ ಹೊತ್ತು ತಂದದ್ದು. ಓದಿದ ಗೆಳತಿ, “ಇದು ಕಾದಂಬರಿ ಅಲ್ಲ ಮಾರಾಯ್ತಿ, ಪಹಣಿ” ಎಂದಳು. ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ನಿಜವಾಗಿತ್ತು. ಇತಿಹಾಸವನ್ನು ತಿಳಿದವಳೆಂದು ತೋರಿಸಿಕೊಳ್ಳುವ ಚಪಲ ಪುಟಪುಟದಲ್ಲಿಯೂ ಇತ್ತು. ಒಂದೂವರೆ ವರ್ಷ ಕಡಿಯುವುದರಲ್ಲಿಯೇ ಹೋಯಿತು. ಭಾಷೆಯ ವಿಷಯದಲ್ಲಿ ನಾನು ಹಟ ಹಿಡಿದೆ. ನಿರೂಪಣೆ ಬರಹದ ಕನ್ನಡದಲ್ಲಿ, ಮಾತುಗಳೆಲ್ಲ ನಮ್ಮ ಕಡೆಯ ಕನ್ನಡದಲ್ಲಿ, ಉರ್ದು ಶಬ್ದಗಳಿಗೆ ಅರ್ಥಕೋಶವಿಲ್ಲ. ನಮ್ಮ ಜನ ‘ಜಲ್ದಿ’, ‘ಖರೆ’, ‘ತಕರಾರು’ ಎಂದು ಮಾತನಾಡುವಾಗ ಯಾರೂ ಕೊನೆಯ ಪುಟ ತಿರುವಿ ನೋಡುವುದಿಲ್ಲವಲ್ಲ. ಪ್ರಕಾಶಕರು ಬೆಂಗಳೂರಿನ ಓದುಗರ ಗತಿಯೇನು ಎಂದು ಮೂರು ಸಲ ಫೋನ್ ಮಾಡಿದರು, ನಾಲ್ಕನೆಯ ಸಲ ಬಿಟ್ಟುಕೊಟ್ಟರು.

ಪುಸ್ತಕ 2020ರ ಜನವರಿಯಲ್ಲಿ ಬಂತು, ಸಾವಿರ ಪ್ರತಿ. ಫೆಬ್ರವರಿ 5ರಿಂದ 7ರವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಪ್ರಕಾಶಕರ ಮಳಿಗೆಯಲ್ಲಿ ಎರಡು ದಿನ ನಾನೂ ನಿಂತೆ. ಧೋತರ ಉಟ್ಟ, ಹೆಗಲ ಮೇಲೆ ಟವೆಲ್ ಹಾಕಿದ ಒಬ್ಬರು ಪುಸ್ತಕವನ್ನು ಹಿಂದೆ ಮುಂದೆ ತಿರುವಿ, “ಇದು ಯಾವೂರಿನ ಕಥಿರೀ?” ಎಂದು ಕೇಳಿದರು. ಊರಿಗೆ ಹೆಸರಿಟ್ಟಿಲ್ಲ ಎಂದೆ. “ಹೆಸರಿಲ್ಲದ ಊರು ಎಲ್ಲಿರ್ತದ್ರೀ? ಹೇಳ್ಲಾಕ ಅಂಜಿಕಿ ಅದ ಅನ್ರಿ,” ಎಂದು ಹೇಳಿ, ಚೌಕಾಸಿ ಮಾಡದೆ ಹಣ ಕೊಟ್ಟು ಒಂದು ಪ್ರತಿ ಒಯ್ದರು. ಈ ಪುಸ್ತಕದ ಮೇಲೆ ಬಂದ ವಿಮರ್ಶೆಗಳಲ್ಲಿ ಅದಕ್ಕಿಂತ ನೇರವಾದದ್ದನ್ನು ನಾನು ಓದಿಲ್ಲ.

ಮಾರ್ಚಿನಲ್ಲಿ ಎಲ್ಲ ನಿಂತಿತು. ಕೋವಿಡ್‌ನಿಂದ ದೇಶದ ಮೊದಲ ಸಾವು ವರದಿಯಾದದ್ದು ನಮ್ಮ ಕಲಬುರಗಿಯಲ್ಲಿಯೇ. ದೇಶಕ್ಕೆ ಬೀಗ ಬೀಳುವ ಮೊದಲೇ ನಮ್ಮ ಊರಿನ ರಸ್ತೆಗಳು ಖಾಲಿಯಾದವು. ಉಳಿದ ಆರುನೂರು ಪ್ರತಿಗಳು ಗೋದಾಮಿನಲ್ಲಿ ಕೂತವು. ಆದರೆ ಮಾರಾಟವಾಗಿದ್ದ ಪ್ರತಿಗಳು ಕೈಯಿಂದ ಕೈಗೆ ಹೋಗುತ್ತ, ಮನೆಯಲ್ಲಿ ಕೂತಿದ್ದ ಹಿರಿಯರ ಮುಂದೆ ಮೊಮ್ಮಕ್ಕಳು ಗಟ್ಟಿಯಾಗಿ ಓದುವ ಪುಸ್ತಕವಾಯಿತೆಂದು ನನಗೆ ಫೋನುಗಳಿಂದ ತಿಳಿಯಿತು. ಆಳಂದದಿಂದ, ಹುಮನಾಬಾದಿನಿಂದ, ಶಹಾಪುರದಿಂದ, ಸುರಪುರದಿಂದ ಕರೆ ಬರುತ್ತಿತ್ತು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವವರು ಕಡಿಮೆ. ಹೆಚ್ಚಿನವರು, “ನೀವು ಬರೆದದ್ದು ಹಾಂಗಲ್ರೀ, ನಮ್ಮೂರಾಗ ಹೀಂಗಾಗಿತ್ತು” ಎಂದು ಶುರು ಮಾಡುತ್ತಿದ್ದರು. ನಾನು ಹೊಲವೊಂದೇ ಬರೆದಿದ್ದೆ. ಅವರು ಬಾವಿ, ಗಡಿಯಾರ, ಎಮ್ಮೆ, ಹೊಲಿಗೆ ಮಷಿನ್ನು ಎಂದು ಯಾರು ಯಾರೋ ಇಟ್ಟುಹೋದ ವಸ್ತುಗಳ ಹೆಸರು ಹೇಳುತ್ತಿದ್ದರು. ಎಪ್ಪತ್ತೆರಡು ವರ್ಷ ಮನೆಯಲ್ಲಿಯೇ ಇದ್ದ ಒಂದು ಬಿದ್ರಿ ಹುಕ್ಕಾದ ಬುಡವನ್ನು ಒಬ್ಬ ಹೆಣ್ಣುಮಗಳು ವಿಡಿಯೋ ಕರೆಯಲ್ಲಿ ತೋರಿಸಿದರು. ಕಪ್ಪು ಸತುವಿನ ಮೇಲಿನ ಬೆಳ್ಳಿಯ ಬಳ್ಳಿ ಅರ್ಧ ಕಿತ್ತುಹೋಗಿತ್ತು. “ನಮ್ಮತ್ತಿ ಇದನ್ನ ಮಾರಗೊಡಲಿಲ್ಲ, ತೊಳೀಲಾಕೂ ಬಿಡಲಿಲ್ಲ. ಯಾರದಂತ ಕೇಳಿದ್ರ ‘ಬರ್ತಾರ’ ಅಂತಿದ್ರು,” ಎಂದರು.

ಎಲ್ಲವೂ ಹೀಗೆಯೇ ಇರಲಿಲ್ಲ. ರಜಾಕಾರರ ಕ್ರೌರ್ಯವನ್ನು ಮೆತ್ತಗೆ ಮಾಡಿದ್ದೀರಿ, ನಮ್ಮ ಹಿರಿಯರ ರಕ್ತಕ್ಕೆ ಬೆಲೆಯಿಲ್ಲವೇ ಎಂದು ಕೇಳಿದವರಿದ್ದರು. ಕದ ಹಾಕಿಕೊಂಡ ಪಟವಾರಿಗೆ ಕೊನೆಯಲ್ಲಿ ಇಷ್ಟು ಸುಲಭವಾಗಿ ಮಾಫಿ ಕೊಟ್ಟಿದ್ದೇಕೆ, ಮನಿಯಾರ್ಡರ್‌ನಿಂದ ಮುಗಿಯುವ ಬಾಕಿಯೇ ಅದು ಎಂದು ಕೇಳಿದವರೂ ಇದ್ದರು. ಮೊದಲ ಮಾತನ್ನು ನಾನು ಒಪ್ಪುವುದಿಲ್ಲ. ಹಾವಳಿಯ ಅಧ್ಯಾಯಗಳಲ್ಲಿ ನಾನು ಏನನ್ನೂ ಮುಚ್ಚಿಟ್ಟಿಲ್ಲ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಕಾಲೇಜಿನವರು ಚರ್ಚೆಗೆಂದು ಕರೆದು, ಹಿಂದಿನ ರಾತ್ರಿ ಒಂಬತ್ತಕ್ಕೆ ಸಭಾಂಗಣದ ದುರಸ್ತಿಯಿದೆ ಎಂದು ತಿಳಿಸಿದರು. ಮರುದಿನ ಆ ಸಭಾಂಗಣದಲ್ಲಿ ಬೇರೊಂದು ಕಾರ್ಯಕ್ರಮ ನಡೆಯಿತು. ಚಾಚಾ ಪುಸ್ತಕವನ್ನು ಮೊಮ್ಮಗಳಿಂದ ಓದಿಸಿಕೊಂಡು ಕೇಳಿದರು. “ಮಾಸ್ತರ ಬಹಳ ಒಳ್ಳೇವ ಆಗ್ಯಾನ ಬೇಟಿ. ಇಷ್ಟು ಒಳ್ಳೇ ಉರ್ದು ಮಾಸ್ತರನ್ನ ನಾ ನೋಡಿಲ್ಲ, ನಾನೂ ಅಲ್ಲ,” ಎಂದಷ್ಟೇ ಹೇಳಿದರು. ಆ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಲೂ ಆಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಬಂದದ್ದು ಮೀಮ್ ಕುರಿತ ಪತ್ರಗಳು. ಕಾದಂಬರಿಯ ಮುನ್ನುಡಿಯಲ್ಲಿ ವಹಿಯ ವಿಷಯವನ್ನು ನಾಲ್ಕು ಸಾಲಿನಲ್ಲಿ ಹೇಳಿದ್ದೇ ಇದಕ್ಕೆ ಕಾರಣ. ಮೀಮ್ ಎಂದರೆ ಮಠ, ಮಠದ ಇನಾಮು ಹೊಲವಿರಬೇಕು ಎಂದು ಒಬ್ಬರು. ಮಸೀದಿ ಎಂದು ಇನ್ನೊಬ್ಬರು. ಮಗಳ ಹೆಸರಿಗೆ ಬಿಟ್ಟದ್ದೆಂದು ಮತ್ತೊಬ್ಬರು. ನಿಮ್ಮ ಮುತ್ಯಾಗೆ ಇನ್ನೊಂದು ಮನೆ ಇದ್ದಿರಬೇಕು ತಪಾಸ ಮಾಡಿರಿ ಎಂದು ಹೆಸರಿಲ್ಲದ ಒಂದು ಕಾರ್ಡು. ಇವನ್ನೆಲ್ಲ ನಗುತ್ತ ಓದುತ್ತಿದ್ದೆ. 2021ರಲ್ಲಿ ಯಾವುದೋ ಕೆಲಸಕ್ಕೆ ಚಿತ್ತಾಪುರಕ್ಕೆ ಹೋದಾಗ ಬೇವಿನ ಗಿಡದಡಿಯ ಹಿರಿಯರು ನನ್ನನ್ನು ಗುರುತು ಹಿಡಿದು ಕೂಡಲು ಹೇಳಿದರು. ಅವರ ಮುಂದೆ ಅರ್ಜಿ ಕಾಗದಗಳ ಕೆಳಗೆ ನನ್ನ ಪುಸ್ತಕವಿತ್ತು.

“ಮೀಮ್ ಅಂದ್ರ ಮಾಸ್ತರ ಅಂತ ಬರೆದೀರಿ,” ಎಂದರು. “ಕಂದಾಯ ಲೆಕ್ಕದಾಗ ಮೀಮ್ ಅಂದ್ರ ಮಿನ್ಹಾ ಇರ್ಬೋದ್ರೀ ಅಮ್ಮಾ. ಮಿನ್ಹಾ ಅಂದ್ರ ಕಳದದ್ದು, ವಜಾ ಮಾಡಿದ್ದು. ಹೊಳಿ ಕೊರದು ಹೋತು, ಬೀಳು ಬಿತ್ತು ಅಂತ ತೋರ್ಸಿ ಕಂದಾಯದಿಂದ ತಗದಿಟ್ಟ ಹೊಲ.”

ಕಳೆದ ಹೊಲದಲ್ಲಿ ತೊಗರಿ ಹೇಗೆ ಬೆಳೆಯುತ್ತದೆ ಎಂದು ಕೇಳಿದೆ.

“ಅದನ್ನೇ ಹೇಳ್ಲಕತ್ತೀನಿ. ಕಾಗದದಾಗ ಹೊಲ ಇಲ್ಲ, ಬೆಳಿ ಅದ. ಪಟವಾರಿ ಕೈಯಾಗೇ ಪೆನ್ನು ಇತ್ತು. ತಪ್ಪ ತಿಳ್ಕೋಬ್ಯಾಡ್ರಿ.”

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದೆ. ಅವರಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. “ನೀವು ಕೇಳ್ಲಿಲ್ಲಲ್ರೀ. ಅಂಕಿ ಓದ್ರಿ ಅಂದ್ರಿ, ಅಂಕಿ ಓದಿದೆ.”

ಮನೆಗೆ ಬಂದು ಏಳೂ ವಹಿಗಳನ್ನು ಮೇಜಿನ ಮೇಲೆ ಹರಡಿಕೊಂಡೆ. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ ಜಾರಿಗೆ ಬಂದು ಮುತ್ಯಾನ ಪಟವಾರಿಕೆ ಹೋದ ಮೇಲೂ ಮೀಮ್ ಹೊಲದ ನಮೂದು ನಿಂತಿಲ್ಲ. 1973ರ ಸುಗ್ಗಿಯವರೆಗೆ ಇದೆ. ಸರಕಾರಿ ವಜಾ ಲೆಕ್ಕವಾಗಿದ್ದರೆ ಹುದ್ದೆಯ ಜೊತೆಗೇ ಮುಗಿಯಬೇಕಿತ್ತಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಆದರೆ ಬಂದ ಹಣದ ನಮೂದು ಇಪ್ಪತ್ತೈದು ವರ್ಷದ್ದೂ ಇದೆ, ಹೋದ ಹಣದ ನಮೂದು ಒಂದೂ ಇಲ್ಲ. ಒಂದು ಆಣೆಯ ಎಲೆ ಅಡಿಕೆಯ ಖರ್ಚನ್ನು ಬಿಡದೆ ಬರೆದವನು ಮನಿಯಾರ್ಡರ್ ಮಾಡಿದ್ದರೆ ಅದರ ಕಮಿಷನ್ ಕೂಡ ಬರೆಯುತ್ತಿದ್ದ. ಇದು ನನಗೆ ಹೊಸ ವಿಷಯವಾಗಿರಲಿಲ್ಲ. ಬರೆಯುವಾಗಲೂ ಗೊತ್ತಿತ್ತು. ಗೊತ್ತಿದ್ದೂ ಆ ಖಾಲಿ ಜಾಗದಲ್ಲಿ ನಾನು ಮನಿಯಾರ್ಡರ್ ತಂದು ಕೂರಿಸಿದ್ದೆ. ಕಾದಂಬರಿಗೆ ಅದು ಬೇಕು ಎಂದುಕೊಂಡಿದ್ದೆ, ಬೇಕಿದ್ದದ್ದು ಮೊಮ್ಮಗಳಿಗೆ.

ಎರಡನೆಯ ಮುದ್ರಣಕ್ಕೆ ಲೇಖಕಿಯ ಮಾತು ಬರೆದುಕೊಡಿ, ಮಿನ್ಹಾ ಸಂಗತಿ ಸ್ವಾರಸ್ಯವಾಗಿದೆ ಎಂದು ಪ್ರಕಾಶಕರು ಕೇಳಿದರು. ನಾಲ್ಕು ಸಲ ಬರೆದು ಹರಿದೆ. ಪುಸ್ತಕ ಮೊದಲಿನಂತೆಯೇ ಬಂತು. ಮುನ್ನುಡಿಯ ಆ ನಾಲ್ಕು ಸಾಲುಗಳನ್ನು ತೆಗೆದಿದ್ದೇನೆ, ಅಷ್ಟೇ ವ್ಯತ್ಯಾಸ.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ಸಣ್ಣ ಕಾಕಾನ ಮಗನ ಹೊಲದಲ್ಲಿ ಚರಗ ಚೆಲ್ಲಿ, ಕಟಾವಿಗೆ ಬಂದ ತೊಗರಿಯ ಸಾಲಿನ ನಡುವೆ ಕಂಬಳಿ ಹಾಸಿಕೊಂಡು ಎಲ್ಲರೂ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ ಉಂಡೆವು. ಕೈ ತೊಳೆಯುವಾಗ ಅವನು ನನ್ನ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತ. ಅವನು ಕಾದಂಬರಿ ಓದುವವನಲ್ಲ. ಮಗಳು ಓದಿ ಹೇಳಿದ್ದಾಳೆ.

“ಅಕ್ಕಾ, ಆ ವಹಿದಾಗ ಸರ್ವೇ ನಂಬರ್ ಅದ ಏನು?”

ಇಲ್ಲ, ‘ಹೊಳಿ ದಂಡಿ, ಹುಣಸಿ ಗಿಡದ ಹೊಲ’ ಎಂದಷ್ಟೇ ಇದೆ ಎಂದೆ.

ಅವನು ನಮ್ಮ ಹಿಂದೆ ಕಾಗಿಣಾದ ಕಡೆಗೆ ಇಳಿಜಾರಾಗಿದ್ದ ಬದುವಿನತ್ತ ನೋಡಿದ. ಅಲ್ಲಿ ಗಿಡವೇನೂ ಇರಲಿಲ್ಲ.

“ಹುಣಸಿ ಗಿಡ ಅಪ್ಪ ಇದ್ದಾಗೇ ಕಡದ್ವಿ,” ಎಂದ. “ಬೊಡ್ಡಿ ಇನ್ನಾ ಅದ.”